ಬಿಟ್ಟಿ ಬರಹದ ಬಾಬತ್ತು

"ರಜದ ದಿನವೂ ಆಫೀಸ್ ಕೆಲಸವೇನಮ್ಮಾ?"

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ರಾಯರ ಪ್ರಶ್ನೆ. ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದವರು. ಯಾವ ವಿಷಯವೇ ಬರಲಿ, ಅದರ ಜಮಾ-ಖರ್ಚು ತಿಳಿಯುವ ತನಕ ಅವರಿಗೆ ಸಮಾಧಾನವಿಲ್ಲ.

"ಆಫೀಸಿಂದಲ್ಲ ರಾಯರೇ. ಒಂದು ಓಪನ್ ಸೋರ್ಸ್ ಸಾಫ್ಟ್‌ವೇರು. ಅದರ ಡಾಕ್ಯುಮೆಂಟೇಶನ್ ಸ್ವಲ್ಪ ತಿದ್ದುತ್ತಾ ಇದ್ದೆ."

"ಎಷ್ಟು ಕೊಡ್ತಾರೆ?"

"ಏನೂ ಕೊಡಲ್ಲ."

"ಸಾಫ್ಟ್‌ವೇರಿಗೆ ಬೆಲೆ ಎಷ್ಟು?"

"ಅದೂ ಪುಕ್ಕಟೆ. ಬೇಕಾದವರು ಇಳಿಸಿಕೊಳ್ಳಬಹುದು, ಒಳಗಿನ ಕೋಡ್ ನೋಡಬಹುದು, ತಿದ್ದಲೂಬಹುದು."

"ಅಂದ್ರೆ ಮಾಡಿದವರೂ ಬಿಟ್ಟಿ, ಬಳಸೋರೂ ಬಿಟ್ಟಿ, ಬರೆಯೋ ನೀವೂ ಬಿಟ್ಟಿ!" ಎನ್ನುತ್ತಾ ದಾಸವಾಳದ ಬುಡದಲ್ಲಿದ್ದ ನೀರಿನ ಪೈಪನ್ನು ಕರಿಬೇವಿನ ಕಡೆಗೆ ಎಳೆದರು. ಪೈಪು ಕರಿಬೇವಿಗೆ ಬಂತೆಂದರೆ ಮಾತು ಇನ್ನೂ ಅರ್ಧ ಗಂಟೆ ಇದೆ ಎಂದೇ ಲೆಕ್ಕ. ನಾನೂ ಲ್ಯಾಪ್‌ಟಾಪ್ ಮಡಚಿಟ್ಟೆ.

ಏನು ತಿದ್ದಿದೆ ಎಂದು ಹೇಳಲೇಬೇಕಾಯಿತು. ಅದೊಂದು ಚಿಕ್ಕ ಪೈಥಾನ್ ಸಾಫ್ಟ್‌ವೇರು. ಅದನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆಂದು ವಿವರಿಸುವ ಪುಟದಲ್ಲಿ ಇದ್ದದ್ದು ಒಂದೇ ಸಾಲು: 'ಪಿಪ್ ಇನ್‌ಸ್ಟಾಲ್' ಎಂದು ಕೊಟ್ಟು, ಮುಂದೆ ಸಾಫ್ಟ್‌ವೇರಿನ ಹೆಸರು ಹಾಕಿ, ಎಂಟರ್ ಒತ್ತಿ. ಬರೆದ ಕಾಲಕ್ಕೆ ಆ ಸಾಲು ಸರಿಯಾಗಿಯೇ ಇತ್ತು. ಆಮೇಲೆ ಬಂತು 2023. ಡೆಬಿಯನ್ 12, ಉಬುಂಟು 23.04 ಬಂದ ಮೇಲೆ ಅದೇ ಸಾಲು ಹಾಕಿದರೆ ಕೆಲಸ ಆಗುವುದಿಲ್ಲ. ಪರದೆಯ ತುಂಬಾ ದೋಷದ ಸಂದೇಶ. ಕಾರಣ ಸರಳ. ಈ ಲಿನಕ್ಸ್‌ಗಳ ಸ್ವಂತ ಉಪಕರಣಗಳೇ ಎಷ್ಟೋ ಪೈಥಾನಿನಲ್ಲಿ ಬರೆದಂಥವು. ನಾವು ನಮ್ಮ ಪಾಡಿಗೆ ಹೊಸ ಹೊಸ ಪೊಟ್ಟಣಗಳನ್ನು ಅದೇ ಜಾಗಕ್ಕೆ ಸುರಿದರೆ ಅವಕ್ಕೆ ಏಟು ಬೀಳುತ್ತದೆ. ಹಾಗಾಗಿ 'ಇದು ಸಿಸ್ಟಮ್ಮಿನ ಜಾಗ, ನಿನ್ನದನ್ನು ಬೇರೆ ಕಡೆ ಇಟ್ಟುಕೋ' ಎಂದು ಪೊಟ್ಟಣ ಹಾಕುವ ಪಿಪ್ ಹಿಂದಕ್ಕೆ ಕಳಿಸುತ್ತದೆ. ಬೇರೆ ಜಾಗ ಎಂದರೆ ವರ್ಚುವಲ್ ಎನ್ವಿರಾನ್‌ಮೆಂಟ್. ಮೊದಲು ಅದನ್ನು ಮಾಡಿಕೊಂಡು, ಅದರೊಳಗೆ ಹೊಕ್ಕು, ಆಮೇಲೆ ಇನ್‌ಸ್ಟಾಲ್ ಮಾಡಬೇಕು.

"ಮಾಡಿದವರಿಗೆ ಇದು ಗೊತ್ತಿರಲಿಲ್ವೇ?"

"ಚೆನ್ನಾಗಿ ಗೊತ್ತು. ಅವರ ಕಂಪ್ಯೂಟರಿನಲ್ಲಿ ಎಲ್ಲಾ ಮೊದಲೇ ಸಿದ್ಧವಾಗಿರುತ್ತೆ. ಇನ್‌ಸ್ಟಾಲ್ ಪುಟ ತೆಗೆದು ನೋಡುವ ಪ್ರಸಂಗವೇ ಅವರಿಗೆ ಬರಲ್ಲ."

ಎಡವುವುದು ಹೊಸಬ ಮಾತ್ರ. ಪುಟದಲ್ಲಿದ್ದ ಸಾಲನ್ನು ಹಾಗೇ ಹಾಕುತ್ತಾನೆ, ಪರದೆ ಬೈಯುತ್ತದೆ, 'ನನ್ನ ತಲೆಗೆ ಇದೆಲ್ಲಾ ಹತ್ತಲ್ಲ' ಎಂದುಕೊಂಡು ಎದ್ದು ಹೋಗುತ್ತಾನೆ. ಇನ್ನೊಂದು ಜಾತಿಯ ಹೊಸಬನೂ ಇದ್ದಾನೆ. ಅವನು ಆ ಸಂದೇಶದ ಕೊನೆಯಲ್ಲಿ ಇರುವ ಅಡ್ಡದಾರಿಯನ್ನು ಹಿಡಿಯುತ್ತಾನೆ. ಅದರ ಹೆಸರೇ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್'. ಸಿಸ್ಟಮ್ಮಿನ ಪೊಟ್ಟಣ ಮುರಿ ಎಂದು ಹೆಸರಲ್ಲೇ ಸಾರಿ ಹೇಳಿದರೂ ಅದನ್ನು ಹಾಕಿ, ಕೆಲಸ ಆಯಿತು ಎಂದು ಖುಷಿಪಡುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಸೇರಿಸಿದ್ದು ಮೂರು ಸಾಲು. ಅದನ್ನು ಕಳಿಸುವ ಕ್ರಮಕ್ಕೆ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. 'ನಿಮ್ಮ ಪುಟದಲ್ಲಿ ಇಂಥ ಬದಲಾವಣೆ ಮಾಡಿದ್ದೇನೆ, ಒಪ್ಪಿಗೆಯಾದರೆ ಸೇರಿಸಿಕೊಳ್ಳಿ' ಎಂಬ ಅರ್ಜಿ. ನೋಡಿಕೊಳ್ಳುವ ಮೇಂಟೇನರ್ ಮಹಾಶಯ ಭೂಮಿಯ ಯಾವ ಮೂಲೆಯಲ್ಲಿದ್ದಾನೋ, ನಾನು ಮಲಗಿದ್ದಾಗ ಓದಿ ಉತ್ತರ ಬರೆದಿದ್ದ. ಮೊದಲು ಧನ್ಯವಾದ. ಆಮೇಲೆ ಎರಡು ಮಾತು: ಉಬುಂಟುವಿನಲ್ಲಿ ಈ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡುವ ಉಪಕರಣವನ್ನೇ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು, ಅದನ್ನೂ ಬರೆಯಿರಿ, ವಿಂಡೋಸಿನಲ್ಲಿ ಒಳಹೋಗುವ ಆಜ್ಞೆ ಬೇರೆ, ಅದನ್ನೂ ಹಾಕಿ. ಮೂರು ಸಾಲಿದ್ದದ್ದು ಎಂಟು ಸಾಲಾಯಿತು. ಎಂಟು ಸಾಲಿನ ಬರಹಕ್ಕೆ ಇಷ್ಟು ಶ್ರದ್ಧೆಯಿಂದ ಕರಡು ನೋಡುವವರು ನಮ್ಮ ಪತ್ರಿಕೆಗಳಲ್ಲೂ ಈಗ ಕಡಿಮೆ.

"ಅಲ್ಲಮ್ಮಾ, ಮಾಡಿದವನೇ ಬರೆದರೆ ಚೆನ್ನಾಗಿರಲ್ವೇ? ಅವನಷ್ಟು ಬಲ್ಲವರು ಬೇರೆ ಯಾರು?"

ಇಲ್ಲೇ ಇರುವುದು ತಕರಾರು. ಮೈಸೂರಿನವರನ್ನು ದಾರಿ ಕೇಳಿ ನೋಡಿ. 'ಸೀದಾ ಹೋಗಿ, ಮೊದಲು ಟಾಕೀಸ್ ಇತ್ತಲ್ಲ, ಅಲ್ಲಿ ಎಡಕ್ಕೆ ತಿರುಗಿ' ಎನ್ನುತ್ತಾರೆ. ಟಾಕೀಸ್ ಮುಚ್ಚಿ ಎಷ್ಟೋ ಕಾಲವಾಗಿದೆ. ಹೇಳಿದವರ ಕಣ್ಣಿಗೆ ಅದು ಇನ್ನೂ ಕಾಣುತ್ತಿರುತ್ತದೆ, ಕೇಳಿದವನ ಕಣ್ಣಿಗೆ ಖಾಲಿ ಸೈಟು. ಬಲ್ಲವರ ಬರವಣಿಗೆಯ ಗತಿಯೂ ಇದೇ. ತಮಗೆ ಗೊತ್ತಿದೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಎರಡನೇ ಹೆಜ್ಜೆಯಿಂದ ಐದನೇ ಹೆಜ್ಜೆಗೆ ಹಾರಿ, ನಡುವೆ 'ಸುಮ್ಮನೆ ಇದನ್ನು ಸೇರಿಸಿದರಾಯಿತು' ಎಂದು ಬರೆದು ಮುಗಿಸುತ್ತಾರೆ. ಈ 'ಸುಮ್ಮನೆ', 'ಸುಲಭವಾಗಿ' ಎಂಬ ಮಾತುಗಳ ಮೇಲೆ ಡಾಕ್ಯುಮೆಂಟೇಶನ್ ಬರೆಯುವ ಕಸುಬಿನವರಿಗೆ ಅಷ್ಟಕ್ಕಷ್ಟೆ. ಗೂಗಲ್ ತನ್ನ ಡೆವಲಪರ್ ಬರಹಗಳಿಗೆ ಮಾಡಿಕೊಂಡ ಶೈಲಿ ಕೈಪಿಡಿ ಅವನ್ನು ಬಳಸಬೇಡಿ ಎಂದೇ ಹೇಳುತ್ತದೆ. ಓದುವವನಿಗೆ ಅದು ಆಗಲೇ ಕಷ್ಟವಾಗಿದೆ. ಅದರ ಮೇಲೆ 'ಇದು ಸುಲಭ' ಎಂದರೆ ಗಾಯಕ್ಕೆ ಉಪ್ಪು.

ಹಾಗೆಂದು ಬಲ್ಲವರು ಬರೆದದ್ದೆಲ್ಲಾ ಕೆಟ್ಟದ್ದು ಎಂದರೆ ನಾಲಿಗೆ ಬಿದ್ದುಹೋದೀತು. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಕೈಪಿಡಿಯ ಮೊದಲ ಆವೃತ್ತಿ 1971ರ ನವೆಂಬರ್ 3ರದ್ದು. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಎಂಬ ಬೆಲ್ ಲ್ಯಾಬ್ಸಿನ ಮಹಾನುಭಾವರು ಮಾಡಿದ್ದು. ಒಂದೊಂದು ಆಜ್ಞೆಗೆ ಒಂದೊಂದು ಪುಟ, ಅದರಲ್ಲಿ 'ಬಗ್ಸ್' ಎಂಬ ತಲೆಬರಹ. ನಮ್ಮ ಈ ಸಾಮಾನಿನಲ್ಲಿ ಇಂಥಿಂಥ ದೋಷಗಳಿವೆ ಎಂದು ಮಾಡಿದವರೇ ಅಚ್ಚು ಹಾಕಿ ಒಪ್ಪಿಕೊಳ್ಳುವುದು!

"ಲೋನ್ ಫಾರಮ್ಮಿನಲ್ಲಿ ನಾವು ಅದನ್ನ ಸಣ್ಣ ಅಕ್ಷರದಲ್ಲಿ ಹಾಕ್ತಿದ್ವು," ಎಂದರು ರಾಯರು.

ಅದೇ ಬೆಲ್ ಲ್ಯಾಬ್ಸಿನಲ್ಲಿದ್ದ ಡಗ್ ಮ್ಯಾಕಿಲ್‌ರಾಯ್ ಮುಂದೆ ಹೇಳಿಕೊಂಡದ್ದು ನನಗೆ ಬಹಳ ಹಿಡಿಸಿದ ಸಂಗತಿ. ಕೈಪಿಡಿಯ ಹೊಸ ಆವೃತ್ತಿ ಬರುವ ಹೊತ್ತಿಗೆಲ್ಲಾ ಅಲ್ಲಿ ಗಡಿಬಿಡಿಯೋ ಗಡಿಬಿಡಿ. ಪ್ರೋಗ್ರಾಮಿನ ಯಾವುದೋ ಅಂಕುಡೊಂಕನ್ನು ಮಾತಿನಲ್ಲಿ ವಿವರಿಸಲು ಕೂತಾಗ 'ಛೆ, ಇದನ್ನು ಅಚ್ಚು ಹಾಕಿಸುವುದು ಹೇಗೆ' ಎಂದು ನಾಚಿಕೆಯಾಗಿ, ಬರಹ ಬಿಟ್ಟು ಪ್ರೋಗ್ರಾಮನ್ನೇ ತಿದ್ದುತ್ತಿದ್ದರಂತೆ. ಬರೆಯಲು ಬಾರದಿದ್ದರೆ ಸಾಮಾನಿನಲ್ಲೇ ಐಬಿದೆ ಎಂದು ಅವರು ತೆಗೆದುಕೊಂಡರು. ಇನ್ನೊಂದು ತಮಾಷೆ ಕೇಳಿ. ಯುನಿಕ್ಸ್ ಬೆಳೆಸಲು ಅವರಿಗೆ ದೊಡ್ಡ ಕಂಪ್ಯೂಟರ್ ಸಿಕ್ಕಿದ್ದು ಯಾವ ಹೆಸರಿನಲ್ಲಿ? ಬರಹ ಸಿದ್ಧಪಡಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದು ಹೇಳಿ! ಅದರ ಮೊದಲ ಗಿರಾಕಿಗಳು ಕಂಪನಿಯ ಪೇಟೆಂಟ್ ವಿಭಾಗದ ಟೈಪಿಸ್ಟರು. ಕೋಡ್ ಬರೆಯುವುದು ಗಂಡಸುತನ, ಕೈಪಿಡಿ ಬರೆಯುವುದು ಗುಮಾಸ್ತಿಕೆ ಎಂದು ಮೂಗು ಮುರಿಯುವವರಿಗೆ ಈ ಕಥೆ ಹೇಳಬೇಕು.

ಮೂಗು ಮುರಿಯುವವರಂತೂ ಬಹಳ. ಇಂಥ ಸಾಫ್ಟ್‌ವೇರುಗಳ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಹಬ್ 2017ರಲ್ಲಿ ಓಪನ್ ಸೋರ್ಸಿನವರನ್ನೇ ಕೇಳಿ ಒಂದು ಸಮೀಕ್ಷೆ ಮಾಡಿತ್ತು. ಡಾಕ್ಯುಮೆಂಟೇಶನ್ ಅರ್ಧಂಬರ್ಧ ಇರುವುದು, ಹಳತಾಗಿರುವುದು ನಮ್ಮ ಕಣ್ಣಿಗೆ ಬಿದ್ದಿದೆ ಎಂದವರು ಶೇ. 93. ಆದರೆ ಕೊಡುಗೆ ನೀಡುವವರಲ್ಲೇ ಶೇ. 60 ಮಂದಿ 'ನಾವು ಅದನ್ನು ಬರೆಯುವುದು ಅಪರೂಪ, ಅಥವಾ ಇಲ್ಲವೇ ಇಲ್ಲ' ಎಂದರು.

"ನಮ್ಮ ಹುಡುಗ ಬರೆದಿದಾನಮ್ಮಾ!" ರಾಯರ ಮುಖ ಅರಳಿತು. ಮೊಮ್ಮಗ ಎಂಜಿನಿಯರಿಂಗ್ ಮೂರನೇ ವರ್ಷ. "ಹೋದ ವರ್ಷ ಯಾವುದೋ ದೊಡ್ಡ ಸಾಫ್ಟ್‌ವೇರಿಗೆ ಡಾಕ್ಯುಮೆಂಟೇಶನ್ ಕಳಿಸಿದ್ದ. ಟೀಶರ್ಟ್ ಬರುತ್ತೆ ಅಂತಿದ್ದ, ಬರಲಿಲ್ಲ ಪಾಪ."

ಏನು ಕಳಿಸಿದ್ದ ಎಂದು ಕೇಳಿದೆ. ರೀಡ್‌ಮಿ ಎಂಬ ಪರಿಚಯದ ಕಡತದ ಕೊನೆಗೆ ತನ್ನ ಹೆಸರು ಸೇರಿಸಿದ್ದನಂತೆ.

ಈ ಹುಡುಗ ಒಬ್ಬನೇ ಅಲ್ಲ. ಅಕ್ಟೋಬರ್ ತಿಂಗಳಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಉತ್ಸವ ನಡೆಯುತ್ತದೆ. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀಶರ್ಟ್ ಎಂದಿತ್ತು. ಟೀಶರ್ಟ್ ಆಸೆಗೆ ಜನ ಕಂಡ ಕಂಡ ರೀಡ್‌ಮಿಗಳಲ್ಲಿ 'ಅದ್ಭುತ ಪ್ರಾಜೆಕ್ಟ್' ಎಂಬಂಥ ಒಂದೊಂದು ಪದ ತುರುಕಿ ಕಳಿಸತೊಡಗಿದರು. ಮೇಂಟೇನರುಗಳು ಬೇಸತ್ತು ಕೂಗಾಡಿದ ಮೇಲೆ, ನಡೆಸುತ್ತಿದ್ದ ಡಿಜಿಟಲ್‌ಓಶನ್ ಕಂಪನಿ ಅದೇ ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಿ, ತಾವಾಗಿ ಒಪ್ಪಿದ ಪ್ರಾಜೆಕ್ಟುಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಎಂದಿತು. ಇಷ್ಟಾದರೂ ಬುದ್ಧಿ ಬಂತೇ? 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಹೆಸರಾಂತ ಸಾಫ್ಟ್‌ವೇರಿನ ರೀಡ್‌ಮಿಗೆ ತಮ್ಮ ಹೆಸರು ಸೇರಿಸುವ ಅರ್ಜಿಗಳ ಸುರಿಮಳೆ. ನಮ್ಮ ದೇಶದ್ದೇ ಒಂದು ವಿಡಿಯೋ ಪಾಠದಲ್ಲಿ ಪುಲ್ ರಿಕ್ವೆಸ್ಟ್ ಹೇಗೆ ಕಳಿಸುವುದೆಂದು ತೋರಿಸಲು ಆ ರೀಡ್‌ಮಿಯನ್ನೇ ಮಾದರಿಗೆ ತೆಗೆದುಕೊಂಡಿದ್ದರು. ನೋಡಿದವರೆಲ್ಲಾ ಹಾಗೇ ಮಾಡಿದರು.

"ಹುಡುಗರು ಏನು ಮಾಡ್ತಾರಮ್ಮಾ, ಕ್ಯಾಂಪಸ್ ಇಂಟರ್ವ್ಯೂನಲ್ಲಿ ಓಪನ್ ಸೋರ್ಸ್ ಮಾಡಿದ್ದೀಯಾ ಅಂತ ಕೇಳ್ತಾರಂತೆ."

ಅದೂ ನಿಜವೇ. ನಾನು ಹುಡುಗರನ್ನು ಬೈಯುವುದಿಲ್ಲ. 'ಕೋಡ್ ಬರದಿದ್ದರೆ ಡಾಕ್ಯುಮೆಂಟೇಶನ್ ಮಾಡು, ಅದು ಬಹಳ ಸುಲಭ' ಎಂದು ಹೇಳಿಕೊಡುವ ದೊಡ್ಡವರನ್ನು ಬೈಯುತ್ತೇನೆ. ಸುಲಭ ಎಂದ ಕೂಡಲೇ ಅದು ಯಾರು ಬೇಕಾದರೂ ಗೀಚಬಹುದಾದ ಗೋಡೆಯಾಗಿ ಹೋಯಿತು. ಆ ಹೊತ್ತಿಗೆ ಮೊಮ್ಮಗನೂ ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದ. ಬಂದವನನ್ನೇ ಕೇಳಿದೆ: "ಏನಪ್ಪಾ, ಮೊದಲ ಸಲ ಕೋಡ್ ಕಳಿಸಲು ಕಲಿಯುವಾಗ ಎಲ್ಲಿ ಸಿಕ್ಕಿಹಾಕಿಕೊಂಡೆ?"

ಬ್ರಷ್ ತೆಗೆದು ಒಂದೇ ಉಸಿರಿಗೆ ಹೇಳಿದ. ಅವನು ಓದುತ್ತಿದ್ದ ಪಾಠದಲ್ಲಿ ಕೋಡನ್ನು ಗಿಟ್‌ಹಬ್ಬಿಗೆ ತಳ್ಳುವಾಗ 'ಮಾಸ್ಟರ್' ಎಂದು ಹಾಕು ಅಂತ ಇತ್ತಂತೆ. ಹಾಕಿದರೆ ಅಂಥದ್ದೊಂದು ಇಲ್ಲವೇ ಇಲ್ಲ ಎಂದು ತಿರಸ್ಕಾರ. ಒಂದು ರಾತ್ರಿ ಪೂರ್ತಿ ತಡಕಾಡಿದನಂತೆ. ಕಾರಣ ಇಷ್ಟೆ: 2020ರ ಅಕ್ಟೋಬರ್ 1ರಿಂದ ಗಿಟ್‌ಹಬ್ಬಿನಲ್ಲಿ ಹೊಸದಾಗಿ ತೆರೆಯುವ ಕೋಡ್ ಖಜಾನೆಗಳ ಮುಖ್ಯ ಶಾಖೆಯ ಹೆಸರು 'ಮೇನ್' ಆಯಿತು. ಅದಕ್ಕೆ ಮೊದಲು ಬರೆದ ಪಾಠಗಳೆಲ್ಲಾ ರಾತ್ರೋರಾತ್ರಿ ಹಳತಾದವು.

"ಆ ಪಾಠ ತಿದ್ದಿದೆಯಾ?"

"ಇಲ್ಲ ಆಂಟಿ. ಅಷ್ಟು ಚಿಕ್ಕದಕ್ಕೆ ಯಾರು ಕಳಿಸ್ತಾರೆ?"

ನೋಡಿ. ರೀಡ್‌ಮಿಗೆ ಹೆಸರು ಸೇರಿಸುವುದು ಅವನಿಗೆ ದೊಡ್ಡದಾಗಿ ಕಂಡಿತು. ಒಂದು ರಾತ್ರಿ ನಿದ್ದೆಗೆಟ್ಟು ಕಂಡುಕೊಂಡ ಉತ್ತರ ಚಿಕ್ಕದಾಗಿ ಕಂಡಿತು. ಆ ಒಂದು ಪದ ತಿದ್ದಿದ್ದರೆ ಅವನ ಹಿಂದೆ ಬರುವವರ ನಿದ್ದೆ ಉಳಿಯುತ್ತಿತ್ತು. ಹೆಸರೂ ಉಳಿಯುತ್ತಿತ್ತು. ಯಾರು ಯಾವ ದಿನ ಯಾವ ಸಾಲು ಬದಲಿಸಿದರೆಂದು ಗಿಟ್ ತಾನಾಗಿಯೇ ದಾಖಲೆ ಇಟ್ಟುಕೊಳ್ಳುತ್ತದೆ, ಬೇರೆ ಬರೆದುಕೊಳ್ಳಬೇಕಿಲ್ಲ.

ರಾಯರು ಸುಲಭಕ್ಕೆ ಬಗ್ಗುವವರಲ್ಲ. "ಇಷ್ಟೆಲ್ಲಾ ಬರೆದರೂ ಓದೋರು ಯಾರಮ್ಮಾ? ಮಿಕ್ಸಿ ತಂದರೆ ಅದರ ಪುಸ್ತಕ ಡಬ್ಬದಲ್ಲೇ ಇರುತ್ತೆ."

ಒಪ್ಪುವ ಮಾತೇ. ಇದಕ್ಕೆ ವಿಮ್ ಎಂಬ ಎಡಿಟರಿನ ಉದಾಹರಣೆ ಕೊಟ್ಟೆ. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದದ್ದು. ಒಳಗೆ ಹೊಕ್ಕವರಿಗೆ ಹೊರಗೆ ಬರಲು ಬಾರದು ಎಂಬುದು ಇದರ ಮೇಲಿನ ಹಳೇ ಹಾಸ್ಯ. ಅದರಿಂದ ಹೊರಬರುವುದು ಹೇಗೆ ಎಂಬ ಪ್ರಶ್ನೆಯನ್ನು ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣದಲ್ಲಿ ನೋಡಿದವರ ಎಣಿಕೆ 2017ರಲ್ಲೇ ಹತ್ತು ಲಕ್ಷ ದಾಟಿತ್ತು. ಹಾಗಾದರೆ ವಿಮ್ ಮಾಡಿದವರು ಅದನ್ನು ಬರೆದಿರಲಿಲ್ಲವೇ? ಬರೆದಿದ್ದರು. ವಿಮ್ ತೆರೆದಾಗ ಕಾಣುವ ಮೊದಲ ಪರದೆಯಲ್ಲೇ, ಕೋಲನ್ ಒತ್ತಿ, ಕ್ಯೂ ಒತ್ತಿ, ಎಂಟರ್ ಕೊಟ್ಟರೆ ಹೊರಗೆ ಎಂದು ಸ್ಪಷ್ಟವಾಗಿ ಇದೆ. ಆದರೆ ಆ ಪರದೆ ಬರುವುದು ಬರಿದೇ ವಿಮ್ ತೆರೆದಾಗ ಮಾತ್ರ. ಯಾವುದಾದರೂ ಕಡತದೊಂದಿಗೆ ತೆರೆದರೆ ಬರುವುದಿಲ್ಲ. ಹೊಸಬ ಅದರಲ್ಲಿ ಬೀಳುವುದೇ ಹಾಗೆ. ಗಿಟ್ ಬಳಸುವಾಗ 'ಏನು ಬದಲಿಸಿದೆ, ಬರಿ' ಎಂದು ಎಷ್ಟೋ ಕಂಪ್ಯೂಟರುಗಳಲ್ಲಿ ಗಿಟ್ ತಾನೇ ಒಂದು ಕಡತ ಹಿಡಿದು ವಿಮ್ ತೆರೆದುಬಿಡುತ್ತದೆ. ದಾರಿ ಗೊತ್ತಿದ್ದು ಬಂದವನಿಗೆ ಫಲಕ ಕಾಣುತ್ತದೆ, ಗೊತ್ತಿಲ್ಲದೆ ಬಿದ್ದವನಿಗೆ ಕಾಣುವುದಿಲ್ಲ! ಈಗ ಒಳಗೆ ಸಿಕ್ಕವನು ಕಂಟ್ರೋಲ್ ಮತ್ತು ಸಿ ಒತ್ತಿದರೆ ಹೊರಹೋಗುವ ಬಗೆ ಕೆಳಗಡೆ ಕಾಣಿಸುತ್ತದೆ. ಗಾಬರಿಯಾದವನ ಬೆರಳು ಮೊದಲು ಹೋಗುವುದೇ ಆ ಕೀಲಿಗಳಿಗೆ. ಅದನ್ನು ತಿಳಿದು ಅಲ್ಲಿ ಬರೆದರಲ್ಲ, ಅವರು ಬರೆಯುವವರು. ಓದುವವರಿಲ್ಲ ಎಂದು ಗೊಣಗುವ ಮೊದಲು, ಅವನು ಸಿಕ್ಕಿಬಿದ್ದ ಜಾಗದಲ್ಲಿ ನಮ್ಮ ಬರಹ ಇದೆಯೇ ಎಂದು ನೋಡಿಕೊಳ್ಳಬೇಕು.

  

"ದುಡ್ಡಿನ ಬಾಬತ್ತು ಮಾತ್ರ ನನಗೆ ಹಿಡಿಸಲಿಲ್ಲ," ರಾಯರು ಮತ್ತೆ ಮೊದಲಿಗೆ ಬಂದರು. "ಒಬ್ಬನಾದರೂ ತಪ್ಪು ಹುಡುಕಿದವನಿಗೆ ದುಡ್ಡು ಕೊಟ್ಟಿದಾನೆಯೇ?"

ಕೊಟ್ಟವರಿದ್ದಾರೆ. ಡೊನಾಲ್ಡ್ ಕ್ನೂತ್. ಗಣಿತದ ಪುಸ್ತಕಗಳು ಅಂದವಾಗಿ ಅಚ್ಚಾಗಲೆಂದು ಟೆಕ್ ಎಂಬ ಸಾಫ್ಟ್‌ವೇರ್ ಮಾಡಿ, ಅದರ ಕೈಪಿಡಿಯನ್ನೂ ತಾವೇ ಬರೆದವರು. ತಮ್ಮ ಪುಸ್ತಕದಲ್ಲಿ ಮೊದಲು ತಪ್ಪು ಹುಡುಕಿದವರಿಗೆ 2 ಡಾಲರ್ 56 ಸೆಂಟಿನ ಚೆಕ್ಕು. ಇನ್ನೂರೈವತ್ತಾರು ಕಂಪ್ಯೂಟರಿನವರಿಗೆ ಮಂಗಳಕರ ಸಂಖ್ಯೆ. ಟೆಕ್ ಪ್ರೋಗ್ರಾಮಿನಲ್ಲೇ ದೋಷ ಹಿಡಿದರೆ ಬಹುಮಾನ ಇನ್ನೂ ದೊಡ್ಡದು, ಏರುತ್ತಾ ಏರುತ್ತಾ 327 ಡಾಲರ್ 68 ಸೆಂಟಿಗೆ ನಿಂತಿತು. ಚೆಕ್ಕು ಪಡೆದವರಲ್ಲಿ ಎಷ್ಟೋ ಜನ ಅದನ್ನು ನಗದು ಮಾಡಿಸದೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಹಾಕಿಕೊಂಡರು.

"ಚೆಕ್ಕು ಗೋಡೆಗೆ!" ಬ್ಯಾಂಕಿನ ಜೀವ ಒದ್ದಾಡಿತು. "ಅವನ ಖಾತೆ ತಾಳೆ ಆಗೋದು ಹೇಗೆ?"

ಆಮೇಲಿನದು ಕೇಳಿದರೆ ಇನ್ನೂ ಒದ್ದಾಡುತ್ತಾರೆಂದು ತಿಳಿದೂ ಹೇಳಿದೆ. ಖಾತೆಯ ವಿವರ ಕದ್ದು ಮೋಸ ಮಾಡುವವರ ಕಾಟಕ್ಕೆ ಕ್ನೂತ್ 2008ರಲ್ಲಿ ನಿಜವಾದ ಚೆಕ್ಕು ಬರೆಯುವುದನ್ನೇ ನಿಲ್ಲಿಸಿದರು. ಈಗ ಕೊಡುವುದು 'ಬ್ಯಾಂಕ್ ಆಫ್ ಸಾನ್ ಸೆರಿಫ್' ಎಂಬ ಬ್ಯಾಂಕಿನ ಠೇವಣಿ ಪತ್ರ. ಆ ಬ್ಯಾಂಕೂ ಇಲ್ಲ, ಸಾನ್ ಸೆರಿಫ್ ಎಂಬ ದೇಶವೂ ಇಲ್ಲ. 1977ರ ಏಪ್ರಿಲ್ ಒಂದರಂದು ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆ ಓದುಗರನ್ನು ಮೂರ್ಖರನ್ನಾಗಿ ಮಾಡಲು ಹುಟ್ಟಿಸಿದ ದ್ವೀಪರಾಷ್ಟ್ರ ಅದು. ಇಲ್ಲದ ದೇಶದ ಇಲ್ಲದ ಬ್ಯಾಂಕಿನ ಠೇವಣಿಗೂ ಜನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕುತ್ತಾರೆ. ರಾಯರು ಪೈಪು ಕೆಳಗೆ ಹಾಕಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಮಾತೇ ಹೊರಡಲಿಲ್ಲ.

ಅವರ ಮೌನ ನೋಡಿ ಇನ್ನೊಂದು ಸೇರಿಸಿದೆ. ಸಾಫ್ಟ್‌ವೇರು ಸ್ವತಂತ್ರವಾಗಿದ್ದರೆ ಸಾಲದು, ಅದರ ಕೈಪಿಡಿಯೂ ಸ್ವತಂತ್ರವಾಗಿರಬೇಕು, ಇಲ್ಲದಿದ್ದರೆ ಪ್ರೋಗ್ರಾಮ್ ತಿದ್ದಿದವನು ಕೈಪಿಡಿ ತಿದ್ದುವಂತಿಲ್ಲ ಎಂದು ಹಟ ಹಿಡಿದವರು ರಿಚರ್ಡ್ ಸ್ಟಾಲ್‌ಮನ್. ಅವರ ಸಂಸ್ಥೆ 2000ದಲ್ಲಿ ಕೈಪಿಡಿಗಳಿಗೆಂದೇ ಒಂದು ಪರವಾನಗಿ ಹೊರಡಿಸಿತು. ಮರುವರ್ಷ ಹುಟ್ಟಿದ ವಿಕಿಪೀಡಿಯ ತನ್ನ ಲೇಖನಗಳಿಗೆ ಅದನ್ನೇ ಎರವಲು ಪಡೆಯಿತು, 2009ರಲ್ಲಿ ಬೇರೆಯದಕ್ಕೆ ಹೋಗುವ ತನಕ. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯದ ಮೊದಮೊದಲ ಲೇಖನಗಳೂ, ಅದರಲ್ಲಿ ಹಂಪಿ ಇರಲಿ, ಕುವೆಂಪು ಇರಲಿ, ಹೀಗೆ ಸಾಫ್ಟ್‌ವೇರ್ ಕೈಪಿಡಿಗೆಂದು ಬರೆದ ಪರವಾನಗಿಯ ನೆರಳಲ್ಲೇ ಬಂದವು.

"ಅದನ್ನ ನಾನೂ ಓದ್ತೀನಲ್ಲಮ್ಮಾ," ಎಂದರು ರಾಯರು, ಸ್ವಲ್ಪ ತಗ್ಗಿದ ದನಿಯಲ್ಲಿ. "ಅದನ್ನ ಬರೆದವರಿಗೂ ಏನೂ ಕೊಡಲ್ವೇ?"

"ಇಲ್ಲ."

"ನಾನು ಇಷ್ಟು ವರ್ಷ ಬಿಟ್ಟಿ ಓದಿದೀನಿ ಅನ್ನಿ."

ಒಳಗಿಂದ ತಿಂಡಿಗೆ ಕರೆ ಬಂತು, ರಾಯರು ಹೋದರು. ಮೊಮ್ಮಗ ಮಾತ್ರ ಆ ಪಾಠದ ಪುಟ ಈಗಲೂ ಹಾಗೇ ಇದೆಯೇ ಎಂದು ಫೋನಿನಲ್ಲಿ ಹುಡುಕುತ್ತಿದ್ದ. ಇತ್ತು.

ಓದುವ ನಿಮಗೂ ಒಂದು ಮಾತು. ನೀವು ಎಂಜಿನಿಯರೇ ಆಗಿರಬೇಕಿಲ್ಲ. ಯಾವುದಾದರೂ ಓಪನ್ ಸೋರ್ಸ್ ಸಾಫ್ಟ್‌ವೇರು ಹಾಕಿಕೊಳ್ಳುವಾಗ, ಬಳಸುವಾಗ ಎಲ್ಲೋ ಸಿಕ್ಕಿಹಾಕಿಕೊಂಡು, ಹೇಗೋ ಬಿಡಿಸಿಕೊಂಡು ಬಂದಿರಾ? ಏನು ಮಾಡಿದಾಗ ಸಿಕ್ಕಿತು, ಪರದೆಯಲ್ಲಿ ಏನು ಬಂತು, ಏನು ಮಾಡಿದಾಗ ಬಿಟ್ಟಿತು ಎಂದು ಆಗಲೇ ಗುರುತು ಹಾಕಿಕೊಳ್ಳಿ. ಎಷ್ಟೋ ಪ್ರಾಜೆಕ್ಟುಗಳ ಪುಟದ ತುದಿಯಲ್ಲೋ ಅಡಿಯಲ್ಲೋ 'ಈ ಪುಟ ತಿದ್ದಿ' ಎಂಬ ಕೊಂಡಿ ಇರುತ್ತದೆ. ಗಿಟ್‌ಹಬ್ಬಿನಲ್ಲಾದರೆ ಪೆನ್ಸಿಲ್ ಚಿತ್ರ. ಒಂದು ಖಾತೆ ಇದ್ದರೆ ಸಾಕು, ಬ್ರೌಸರಿನಲ್ಲೇ ತಿದ್ದಿ ಕಳಿಸಬಹುದು. ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ ಎಂದು ಅಳುಕಬೇಡಿ, ವಾಕ್ಯ ನೆಟ್ಟಗೆ ಮಾಡುವವರು ಆ ಕಡೆ ಇದ್ದಾರೆ. ಎಲ್ಲಿ ಎಡವುತ್ತದೆ ಎಂಬುದು ಮಾತ್ರ ಅವರಿಗೆ ಗೊತ್ತಿಲ್ಲ. ಎಡವಿದ ವಾರದಲ್ಲೇ ಕಳಿಸಿ. ತಿಂಗಳು ಬಿಟ್ಟರೆ ನಿಮಗೂ ಅದು ಸುಲಭ ಎನಿಸಿಬಿಡುತ್ತದೆ, ಆಮೇಲೆ ನೀವು ಬರೆಯುವುದಿಲ್ಲ.